197ನೇ ಪುಟಕ್ಕೆ ಒಂದು ಸ್ಟಾರ್ ಕಡಿಮೆ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ನಿಯಮದ ಪುಸ್ತಕ, ಪ್ಲೇಯರ್ಸ್ ಹ್ಯಾಂಡ್‌ಬುಕ್, 2014ರದ್ದು, ನಮ್ಮ ಮನೆಯಲ್ಲಿ ಆರು ವರ್ಷದಿಂದ ಇದೆ. ಐದು ಜನಕ್ಕೆ ಒಂದೇ ಪುಸ್ತಕ. ಚಿತ್ರ ಹೇಗಿವೆ, ಪಾತ್ರದ ಯಾವ ಕ್ಲಾಸ್ (ಕಳ್ಳ, ಮಂತ್ರವಾದಿ ಥರದ್ದು) ಚೆನ್ನಾಗಿದೆ ಅನ್ನೋದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ನನ್ನ ತಕರಾರು ಇರೋದು ಒಂದೇ ಪುಟದ ಮೇಲೆ. 197. ಸಾಯುವ ಪುಟ.

ಮೊದಲ ಸಲ ಓದಿದಾಗ ಎಲ್ಲ ಸಲೀಸು. ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವದ ಲೆಕ್ಕ, ಸೊನ್ನೆಯಾದರೆ ಪಾತ್ರಕ್ಕೆ ಪ್ರಜ್ಞೆ ತಪ್ಪುತ್ತದೆ, ಆಗಲೇ ಸಾಯುವುದಿಲ್ಲ. ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಬೇಕು. 10 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಪಾಸು, ಕಡಿಮೆ ಬಿದ್ದರೆ ಫೇಲು. ಮೂರು ಪಾಸಾದರೆ ಜೀವ ಉಳಿಯುತ್ತದೆ. ಮೂರು ಫೇಲಾದರೆ ಕಥೆ ಮುಗಿಯಿತು. 1 ಬಿದ್ದರೆ ಎರಡು ಫೇಲು. 20 ಬಿದ್ದರೆ ಒಂದು ಪಾಯಿಂಟ್ ಸಿಕ್ಕಿ ಎದ್ದು ಕೂರಬಹುದು.

ಈ ದಾಳವನ್ನು ಎಲ್ಲರ ಮುಂದೆ ಉರುಳಿಸಬೇಕಾ, ಗುಟ್ಟಾಗಿ ಉರುಳಿಸಬೇಕಾ ಅಂತ ಆ ಪುಟ ಹೇಳುವುದಿಲ್ಲ. ನಮಗೆ ಇದು ವರವೇ ಆಯಿತು. ನಾವು ಸ್ಟೀಲ್ ಲೋಟಕ್ಕೆ ದಾಳ ಹಾಕಿ, ಕುಲುಕಿ, ಮೇಜಿನ ಮೇಲೆ ಬೋರಲು ಹಾಕುತ್ತೇವೆ. ಆ ಗಲಗಲ ಸದ್ದು ಬಂದರೆ ಸಾಕು, ಚುರುಮುರಿ ತಿನ್ನುತ್ತಿದ್ದವರ ಕೈ ನಿಲ್ಲುತ್ತದೆ. ಲೋಟ ಎತ್ತಿ ಇಣುಕುವುದು ಇಬ್ಬರೇ: ಬಿದ್ದವನು ಮತ್ತು ಡಿಎಂ, ಅಂದರೆ ಆಟ ನಡೆಸುತ್ತಾ ಶತ್ರುಗಳನ್ನೂ ಆಡಿಸುವ ನಾನು. ಪಾಸಿಗೆ ಒಂದು ಕವಡೆ, ಫೇಲಿಗೆ ಒಂದು ಹುಣಸೆ ಬೀಜ, ಎರಡೂ ಲೋಟದ ಕೆಳಗೇ. ಉಳಿದವರಿಗೆ ಲೆಕ್ಕ ಗೊತ್ತಿರುವುದಿಲ್ಲ. ಈಗಲೇ ಓಡಿಹೋಗಿ ಉಳಿಸಬೇಕಾ, ಇನ್ನೊಂದು ಸುತ್ತು ಕಾಯಬಹುದಾ? ಬಿದ್ದವನ ಮುಖ ನೋಡಿ ಊಹೆ ಮಾಡಬೇಕು. ಆರು ವರ್ಷದಲ್ಲಿ ಈ ಪುಸ್ತಕ ನನಗೆ ಕೊಟ್ಟ ಅತಿ ದೊಡ್ಡ ಖುಷಿ ಇದು.

ಇನ್ನು ಜಗಳಕ್ಕೆ ಬರೋಣ.

ಚಿಕ್ಕಪ್ಪನ ಮಗ ಒಬ್ಬ ಪುಟಾಣಿ ಕಳ್ಳನನ್ನು ಆಡಿಸುತ್ತಿದ್ದ. ಒಂದು ಭಾನುವಾರ ಕಳ್ಳ ಸೊನ್ನೆಗೆ ಬಂದು ಬಿದ್ದ. ಲೋಟದ ಕೆಳಗೆ ಒಂದು ಕವಡೆ, ಬೀಜ ಇನ್ನೂ ಇಲ್ಲ. ಎದುರಿನ ಮಂತ್ರವಾದಿ ಮ್ಯಾಜಿಕ್ ಮಿಸೈಲ್ ಪ್ರಯೋಗಿಸಿದ. ಅದರಲ್ಲಿ ಮೂರು ಬಾಣ, ಒಂದೂ ಗುರಿ ತಪ್ಪುವುದಿಲ್ಲ. ಮೂರನ್ನೂ ನಾನು ಬಿದ್ದವನ ಮೇಲೇ ಬಿಟ್ಟೆ. ಸೊನ್ನೆಯಲ್ಲಿ ಇರುವಾಗ ಯಾವುದೇ ಪೆಟ್ಟು ಬಿದ್ದರೂ ಒಂದು ಫೇಲು ಅನ್ನುತ್ತದೆ 197ನೇ ಪುಟ. ಮೂರು ಬಾಣ, ಮೂರು ಪೆಟ್ಟು, ಮೂರು ಬೀಜ. ಸತ್ತ.

"ಅಕ್ಕ, ಮಂತ್ರದ ವಿವರಣೆ ಓದು. ಮೂರೂ ಒಂದೇ ಹೊತ್ತಿಗೆ ತಾಗುತ್ತವೆ ಅಂತಿದೆ. ಅಂದ್ಮೇಲೆ ಪೆಟ್ಟು ಒಂದೇ ಅಲ್ವಾ?"

ಓದಿದೆ. ಹಾಗೇ ಇದೆ. ಆದರೆ ಬಾಣ ಒಂದೊಂದಕ್ಕೂ ಬೇರೆ ಹಾನಿ ಅಂತಲೂ ಅಲ್ಲೇ ಇದೆ. ಮುಕ್ಕಾಲು ಗಂಟೆ ವಾದ ನಡೆಯಿತು, ಕಾಫಿ ಆರಿ ತಣ್ಣಗಾಯಿತು. ಸ್ಕಾರ್ಚಿಂಗ್ ರೇ ಅನ್ನೋ ಬೆಂಕಿ ಕಿರಣದ ಮಂತ್ರ ಆಗಿದ್ದರೆ ತಲೆನೋವೇ ಇರಲಿಲ್ಲ. ಅಲ್ಲಿ ಗುರಿ ತಾಗಿತಾ ಅಂತ ಪ್ರತಿ ಕಿರಣಕ್ಕೂ ಬೇರೆ ದಾಳ ಎಸೆಯಬೇಕು, ಪೆಟ್ಟು ಎಣಿಸುವುದು ಸುಲಭ. ಮಿಸೈಲ್‌ಗೆ ಆ ದಾಳವೇ ಇಲ್ಲ. ಬದುಕಿಸೋಣ ಅಂದರೆ ರಿವಿವಿಫೈ ಮಂತ್ರ ಬೇಕು. ಅದಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ, ಅದೂ ಸತ್ತ ಒಂದು ನಿಮಿಷದೊಳಗೆ. ನಮ್ಮ ತಂಡ ಆಗ ಮೂರನೇ ಲೆವೆಲ್ಲು. ವಜ್ರ ಹಾಗಿರಲಿ, ಮಂತ್ರವೇ ಯಾರಿಗೂ ಬರುತ್ತಿರಲಿಲ್ಲ.

ಹುಡುಗ ಎರಡು ಭಾನುವಾರ ಬರಲಿಲ್ಲ. ನನಗೂ ಪುಸ್ತಕದ ಮೇಲೆ ಸಿಟ್ಟು. ಅಜ್ಜಿಯ ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ವಾಪಸ್, ಅಷ್ಟೇ. ಇಷ್ಟು ದಪ್ಪದ ಪುಸ್ತಕಕ್ಕೆ ಅಷ್ಟು ನೇರವಾಗಿ ಹೇಳೋಕೆ ಏನಾಗಿತ್ತು?

ಆ ಎರಡು ವಾರ ಸುಮ್ನೆ ಪುಟ ತಿರುವುತ್ತಾ ಕೂತೆ. 203ನೇ ಪುಟದಲ್ಲಿ ಮಂತ್ರದ ಮೇಲಿನ ಏಕಾಗ್ರತೆಯ ನಿಯಮವಿದೆ: ಪೆಟ್ಟು ಬಿದ್ದಾಗ ಮಂತ್ರ ಕೈತಪ್ಪದಿರಲು ದಾಳ ಉರುಳಿಸಬೇಕು. ಪೆಟ್ಟು ಬೇರೆ ಬೇರೆ ಮೂಲಗಳಿಂದ ಬಂದರೆ ಒಂದೊಂದಕ್ಕೂ ಬೇರೆ ದಾಳ ಅನ್ನುತ್ತದೆ. ಅದಕ್ಕೆ ಕೊಡುವ ಉದಾಹರಣೆ ಒಂದು ಬಾಣ ಮತ್ತು ಡ್ರ್ಯಾಗನ್ನಿನ ಉಸಿರು. ಹಾಗಾದರೆ ಒಬ್ಬನೇ ಬಿಟ್ಟ ಒಂದೇ ಮಂತ್ರ ಒಂದು ಮೂಲವೇ ಇರಬೇಕಲ್ಲ? ತಮ್ಮನ ಮಾತಿನಲ್ಲಿ ಹುರುಳಿತ್ತು. ಆದರೆ 'ಮೂಲ' ಅನ್ನೋ ಪದ ಸಾಯುವ ಪುಟದಲ್ಲಿ ಬರುವುದೇ ಇಲ್ಲ. ಪುಸ್ತಕ ಇಬ್ಬರ ಕೈಯಲ್ಲೂ ಅರ್ಧರ್ಧ ತೀರ್ಪು ಇಟ್ಟು ಸುಮ್ಮನಾಗಿದೆ.

ಕೊನೆಗೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ನಮ್ಮದೇ ನಿಯಮ ಬರೆದೆವು: ಒಬ್ಬರ ಒಂದು ಸರದಿಯಿಂದ ಎರಡು ಬೀಜಕ್ಕಿಂತ ಜಾಸ್ತಿ ಇಲ್ಲ. ಎರಡೇ ಯಾಕೆ ಅಂದರೆ, ಪ್ರಜ್ಞೆ ಇಲ್ಲದವನಿಗೆ ಐದು ಅಡಿಯೊಳಗಿಂದ ಬಿದ್ದ ಪೆಟ್ಟು ಕ್ರಿಟಿಕಲ್, ಅಂದರೆ ಭಾರೀ ಪೆಟ್ಟು, ಅದಕ್ಕೆ ಪುಸ್ತಕವೇ ಎರಡು ಫೇಲು ಕೊಡುತ್ತದೆ. ಉಳಿಸಲು ಗೆಳೆಯರಿಗೆ ಒಂದು ಸುತ್ತಾದರೂ ಸಿಗಲಿ ಅಂತ. ಒಂದೇ ಏಟಿಗೆ ಪೂರ್ತಿ ಹಿಟ್ ಪಾಯಿಂಟಿನಷ್ಟು ಹಾನಿಯಾದರೆ ಮಾತ್ರ ರಿಯಾಯಿತಿ ಇಲ್ಲ.

2024ರ ಹೊಸ ಆವೃತ್ತಿ ತಗೊಂಡರೆ ಇದು ಬಗೆಹರಿಯುತ್ತಾ ಅಂತ ಕೇಳಬೇಡಿ. ಗೆಳತಿಯ ಪ್ರತಿಯಲ್ಲಿ ನೋಡಿದೆ. ವಾಸಿ ಮಾಡುವ ಮಂತ್ರಗಳಿಗೆ ಬಲ ಬಂದಿದೆ, ಆದರೆ ಮೂರು ಬಾಣ ಈಗಲೂ ಒಂದೇ ಹೊತ್ತಿಗೇ ತಾಗುತ್ತವೆ. ಇದೊಂದಕ್ಕೋಸ್ಕರ ನಾನಂತೂ ದುಡ್ಡು ಹಾಕುವುದಿಲ್ಲ. ಮೊದಲ ಸಲ ಆಡುವವರು ಉಚಿತವಾಗಿ ಸಿಗುವ ಬೇಸಿಕ್ ರೂಲ್ಸ್ ಇಳಿಸಿಕೊಳ್ಳಿ. ಸಾಯುವ ನಿಯಮ ಅದರಲ್ಲೂ ಪೂರ್ತಿ ಇದೆ, ಗೊಂದಲದ ಸಮೇತ. ನನ್ನ ಲೆಕ್ಕದಲ್ಲಿ 5ಕ್ಕೆ 4 ಸ್ಟಾರ್. ಆ ಲೋಟದ ಆಟ ಇರದಿದ್ದರೆ 3 ಕೊಡುತ್ತಿದ್ದೆ.

ತಮ್ಮ ಮೂರನೇ ಭಾನುವಾರ ಬಂದ. ಈ ಸಲ ಅವನ ಪಾತ್ರ ಸತ್ತ ಕಳ್ಳನ ಅಣ್ಣ, ಮಂತ್ರವಾದಿ. ರಾಕ್ಷಸರು ಸೊನ್ನೆಗೆ ಬಂದ ಕೂಡಲೇ ಸಾಯುವುದು ವಾಡಿಕೆ, ಮುಖ್ಯ ಖಳನಿಗೆ ಮಾತ್ರ ಬೇಕಿದ್ದರೆ ದಾಳ ಕೊಡಬಹುದು. ಮೊನ್ನೆ ನಮ್ಮ ಖಳ ಬಿದ್ದ, ನಾನು ಲೋಟ ಎತ್ತಿಕೊಂಡೆ. ತಮ್ಮ ಮೂರು ಬಾಣ ಬಿಟ್ಟ. ನಾನು ಎರಡು ಬೀಜ ಇಟ್ಟೆ.

"ಮೂರು ಅಕ್ಕ," ಅಂದ. "ಮೂರು ಬಾಣ ಅಂದ್ರೆ ಮೂರು ಪೆಟ್ಟು. ನೀನೇ ತಾನೇ ಹೇಳಿದ್ದು?"