ಮಾಂಟೆಸ್ಸರಿ, ಸ್ಟೈನರ್, ನಲಿಕಲಿ: ಮೂರೂ ನೋಡಿದ್ಮೇಲೆ

ದೊಡ್ಡವಳನ್ನ ಮೊದ್ಲು ಮಾಂಟೆಸ್ಸರಿಗೆ ಹಾಕಿದ್ವಿ, ಆಮೇಲೆ ಸ್ಟೈನರ್ ಪದ್ಧತಿಯ ಒಂದು ಪುಟ್ಟ ಶಾಲೆಗೆ, ಚಿಕ್ಕವನು ಈಗ ನಮ್ಮೂರ ಸರ್ಕಾರಿ ಶಾಲೇಲಿ ನಲಿಕಲಿ, ಅಂದ್ರೆ ಕಾರ್ಡು ಚಟುವಟಿಕೆಗಳಿಂದ ಕಲಿಸೋ ಪದ್ಧತೀಲಿ ಓದ್ತಿದಾನೆ. ಮಗು ತನ್ನ ವೇಗದಲ್ಲೇ ಕಲೀಲಿ, ಹೆದರಿಸ್ಬೇಡಿ ಅಂತ ಮೂರೂ ಕಡೆ ಹೇಳ್ತಾರೆ. ಒಳಗೆ ಹೋಗಿ ಕೂತ್ರೆ ದಾರಿ ಬೇರೆಬೇರೆ.

ಮಾಂಟೆಸ್ಸರೀಲಿ ಪಿಂಕ್ ಟವರ್ ಅಂತಿದೆ, 1 ಸೆಂಟಿಮೀಟರಿಂದ 10ರವರೆಗೆ 10 ಘನಗಳು, ದೊಡ್ಡದರ ಮೇಲೆ ಚಿಕ್ಕದು ಪೇರಿಸೋದು, ಸಾಮಾನ್ಯವಾಗಿ ಇಡೀ ಕ್ಲಾಸಿಗೆ ಒಂದೇ ಸೆಟ್, ಇನ್ನೊಬ್ರು ಮುಗಿಸಿ ಜಾಗಕ್ಕೆ ಇಡೋವರೆಗೂ ಕಾಯ್ಬೇಕು. ಜೋಡಿಸಿದ್ದು ತಪ್ಪಾದ್ರೆ ಮಗುಗೇ ಕಣ್ಣಿಗೆ ಕಾಣತ್ತೆ, ಟೀಚರ್ ಬಾಯಿ ಬಿಡೋ ಹಾಗಿಲ್ಲ. ತುಂಬಾ ಇಷ್ಟ ಆಯ್ತು ನಂಗೆ. ಸ್ಟೈನರ್‌ನಲ್ಲಿ 7 ವರ್ಷದ ಹತ್ರ ಬರೋವರೆಗೂ ಅಕ್ಷರ ಕಲಿಸಲ್ಲ, ಕತೆ, ಹಾಡು, ಜೇನುಮೇಣದ ಬಣ್ಣ, ಹಿಟ್ಟು ನಾದೋದು. ಮಗಳು ಖುಷಿಯಾಗಿದ್ಲು, ಆದ್ರೆ ನಾವು ಹಾಕಿದ ಕಡೆ ಕತೆಯೆಲ್ಲ ಇಂಗ್ಲಿಷಲ್ಲೇ, ಅಜ್ಜಿ ಹೇಳೋ ಕತೆಗೆ ಅಲ್ಲಿ ಜಾಗ ಇರ್ಲಿಲ್ಲ.

ನಂಗೆ ಬೇಜಾರಾಗೋದು ಏನಂದ್ರೆ, ಮಾಂಟೆಸ್ಸರಿ ಶುರುವಾಗಿದ್ದು 1907ರಲ್ಲಿ ರೋಮಿನ ಬಡವರ ವಠಾರದಲ್ಲಿ, ಸ್ಟೈನರ್ ಶಾಲೆ 1919ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಿಗರೇಟ್ ಫ್ಯಾಕ್ಟರಿ ಕಾರ್ಮಿಕರ ಮಕ್ಕಳಿಗೆ ಅಂತ, ಇವತ್ತು ನಮ್ಮಲ್ಲಿ ಎರಡೂ ಹೆಚ್ಚಾಗಿ ಫೀಸ್ ಕಟ್ಟೋ ತಾಕತ್ತಿರೋರಿಗೇ. ಪಕ್ಕದ ಮನೆ ಗಾರೆ ಕೆಲಸದವರ ಮಗು ಬಂದು ಕೂರೋಕಾಗಲ್ಲ ಅಂದ್ರೆ ಅದು ಸಮುದಾಯದ ಶಾಲೆ ಹೇಗಾಗತ್ತೆ ಹೇಳಿ.

ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯ್ತು, ಅಲ್ಲಿನ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡ್ಕೊಂಡು ಬಂದು ಕಟ್ಟಿದ್ದು. 1ರಿಂದ 3ನೇ ಕ್ಲಾಸಿನ ಮಕ್ಕಳು ಒಂದೇ ಕೋಣೇಲಿ, ಗೋಡೆ ಮೇಲೆ ಪಾಠಗಳನ್ನ ಮೆಟ್ಟಿಲು ಮೆಟ್ಟಿಲಾಗಿ ತೋರಿಸೋ ಕಲಿಕಾ ಏಣಿ, ಯಾರು ಯಾವ ಮೆಟ್ಟಿಲಲ್ಲಿದಾರೋ ಆ ಕಾರ್ಡ್ ತಗೊಂಡು ಅವರ ತಟ್ಟೆಗೆ (ಗುಂಪಿಗೆ ಅಲ್ಲಿ ಹಾಗಂತಾರೆ) ಹೋಗಿ ಕೂರೋದು, ನಾಲ್ಕು ದಿನ ಜ್ವರ ಬಂದು ಮಲಗಿದ್ರೂ ಬಿಟ್ಟಲ್ಲಿಂದಾನೇ ಮುಂದುವರಿಸಬಹುದು. ಅ ಆ ಇ ಈ ಇಂದ ಶುರು ಮಾಡಲ್ಲ, ಮೊದ್ಲು ರ ಗ ಸ ದ ಅ. ಅಷ್ಟರಲ್ಲೇ ಸರ, ಅರಸ, ಗರಗಸ ಎಲ್ಲ ಬರೀಬಹುದು, ನಮ್ಮವನು ಗೋಡೆ ಬುಡದಲ್ಲಿ ಅವನ ಎತ್ತರಕ್ಕೇ ಇರೋ ಕರಿಹಲಗೆ ಮೇಲೆ ಗರಗಸ ಅಂತ ಬರೆದು, ಪಕ್ಕದಲ್ಲಿದ್ದ ಎರಡನೇ ಕ್ಲಾಸಿನ ಹುಡುಗಿ ಕೈಲಿ ತಿದ್ದಿಸ್ಕೊಂಡ.

ಕೊರತೆ ಇಲ್ಲ ಅಂತಲ್ಲ. ಕಾರ್ಡುಗಳು ಹರಿದಿರ್ತವೆ, ಮೂರೂ ಕ್ಲಾಸಿಗೆ ಒಬ್ರೇ ಟೀಚರ್, ಅವ್ರು ಟ್ರೈನಿಂಗು ಚುನಾವಣೆ ಡ್ಯೂಟಿ ಅಂತ ಹೋದ್ರೆ ಇಡೀ ವ್ಯವಸ್ಥೆ ನಿಂತೋಗತ್ತೆ. ಆದ್ರೂ ನನ್ನ ವೋಟು ಇದಕ್ಕೇ. ಸೇರಿಸೋ ಮುಂಚೆ ನಿಮ್ಮೂರ ಶಾಲೇಲಿ ಅರ್ಧ ದಿನ ಕೂತು ನೋಡಿ, ಟೀಚರ್ ಮಕ್ಕಳ ಜೊತೆ ನೆಲದ ಮೇಲೆ ಕೂತಿದ್ರೆ ಧೈರ್ಯವಾಗಿ ಸೇರಿಸಿ, ಸೇರಿಸಿದ್ಮೇಲೆ ಎಸ್‌ಡಿಎಂಸಿ (ಪೋಷಕರಿರೋ ಶಾಲಾ ಸಮಿತಿ) ಮೀಟಿಂಗಿಗೆ ತಪ್ಪದೇ ಹೋಗಿ ಹೊಸ ಕಾರ್ಡ್ ಕೇಳಿ.