ಕಲಬುರಗಿ ಬಿಸಿಲಿಗೆ ಯಾವ ಏರ್ ಪಿಸ್ತೂಲು?

ಗ್ಯಾಸಿನದು, ಲೀವರಿನದು, ಸಿಲಿಂಡರಿನದು. ಮೂರು ಬಗೆಯ 4.5 ಎಂಎಂ ಏರ್ ಪಿಸ್ತೂಲನ್ನೂ ಕಲಬುರಗಿಯ ಒಂದೇ ತಗಡಿನ ಶೆಡ್ಡಿನಲ್ಲಿ ಹೊಡೆದು ನೋಡಿದ್ದೇನೆ. ಒಂದು ನನ್ನದು, ಉಳಿದೆರಡು ಗೆಳೆಯರವು. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಪಿಸ್ತೂಲು ಆರಿಸುವಾಗ ಬೆಲೆಗಿಂತ ಮೊದಲು ಈ ಸೆಖೆಯನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಗ್ಯಾಸಿನದು ಸಲೀಸು. 12 ಗ್ರಾಂನ ಕಾರ್ಬನ್ ಡೈಆಕ್ಸೈಡ್ ಕ್ಯಾಪ್ಸೂಲ್ ಹಾಕಿ, ಹೊಡೆಯಿರಿ, ಅಷ್ಟೇ. ಆದರೆ ಈ ಗ್ಯಾಸಿನ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇರುತ್ತದೆ, ಸೆಖೆ ಏರಿದಂತೆ ಅದೂ ಏರುತ್ತದೆ. 31 ಡಿಗ್ರಿ ದಾಟಿದರೆ ಕ್ಯಾಪ್ಸೂಲಿನೊಳಗಿನ ಗ್ಯಾಸು ದ್ರವವಾಗಿ ಉಳಿಯುವುದೇ ಇಲ್ಲ. ಬೆಳಿಗ್ಗೆ ಏಳಕ್ಕೆ ಕೂರಿಸಿದ ಸೈಟು (ಗುರಿ ನೋಡುವ ಕಂಡಿ) ಹನ್ನೊಂದಕ್ಕೆ ಕೆಲಸಕ್ಕೆ ಬರಲಿಲ್ಲ. ಪಕ್ಕದಲ್ಲಿ ಹೊಡೆಯುತ್ತಿದ್ದ ಹುಡುಗ ನನ್ನ ಗುರಿಯ ಕಾರ್ಡ್ ನೋಡಿ, "ಕಾಕಾ, ಎಲ್ಲಾ ಮ್ಯಾಲೇ ಹೊಂಟಾವಲ್ರೀ" ಅಂದ. ಬೇಗ ಬೇಗ ಹೊಡೆದರೆ ಉಲ್ಟಾ, ಕ್ಯಾಪ್ಸೂಲ್ ತಣ್ಣಗಾಗಿ ಪೆಲೆಟ್ (ಸಣ್ಣ ಗುಂಡು) ಕೆಳಗೆ ಬೀಳುತ್ತದೆ. 10 ಮೀಟರ್ ಕಾರ್ಡಿನಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಎಂಎಂ. ಇಷ್ಟು ಚಂಚಲ ಪಿಸ್ತೂಲಿನಿಂದ ಅದು ಆಗುವ ಮಾತಲ್ಲ. ಸುಮ್ನೆ ಡಬ್ಬಿ ಉರುಳಿಸಲು ಚೆನ್ನಾಗಿದೆ.

ನನ್ನದು ಲೀವರಿನದು, ರಷ್ಯಾದ ಬೈಕಾಲ್ 46ಎಂ. ಪ್ರತಿ ಗುಂಡಿಗೂ ಒಂದು ಸಲ ಲೀವರ್ ಎಳೆದು ಮುಚ್ಚಬೇಕು. ಶೆಡ್ಡಿನ ಗಾಳಿಯೇ ಬಂಡವಾಳ, ತುಂಬಿಸುವ ಗೋಜಿಲ್ಲ. ಮಧ್ಯಾಹ್ನವೂ ಕಾರ್ಡಿನ ಮೇಲೆ ಗುಂಡುಗಳ ಗುಂಪು ಕದಲಲಿಲ್ಲ. ತೊಂದರೆ ಇರುವುದು ಕೈಗೆ. ಲೀವರ್ ಮುಚ್ಚುವಾಗ ಹಿಡಿ ಕೂದಲೆಳೆಯಷ್ಟು ಜಾರುತ್ತದೆ, ಮತ್ತೆ ಒಂದೊಂದೇ ಬೆರಳು ಕೂರಿಸಬೇಕು. ಅಂಗೈ ಬೆವರಿದ್ದರೆ ಕೇಳಲೇಬೇಡಿ. ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಗುಂಡು. ಪಿಸ್ತೂಲಿನ ತೂಕ 1.3 ಕೆಜಿ. ನಲವತ್ತನೇ ಗುಂಡಿನ ನಂತರ ಭುಜ ನಡುಗಲು ಶುರು.

ಸಿಲಿಂಡರಿನದು ಆಸ್ಟ್ರಿಯಾದ ಸ್ಟೈರ್ ಎಲ್‌ಪಿ10. 200 ಬಾರ್ ಗಾಳಿ ತುಂಬಿಟ್ಟರೆ ಒಳಗಿನ ರೆಗ್ಯುಲೇಟರ್ ಪ್ರತಿ ಗುಂಡಿಗೂ ಒಂದೇ ಅಳತೆ ಕೊಡುತ್ತದೆ. 500 ಗ್ರಾಂ ಎಳೆತದ ಟ್ರಿಗರ್ ಬೆರಳಿಗೆ ತಾಕಿದ್ದೇ ಗೊತ್ತಾಗುವುದಿಲ್ಲ. ಮೂರರಲ್ಲಿ ಇದೇ ರಾಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಪಂಪಿನಲ್ಲಿ ಕೊನೆಯ ಐವತ್ತು ಬಾರ್ ಏರಿಸಲು ಮೈಭಾರವೆಲ್ಲ ಹಾಕಬೇಕು. ಆಮೇಲೆ ಗುರಿ ಹಿಡಿಯಲು ಹೋದರೆ ಕೈ ನಿಲ್ಲಲ್ಲ. ತುಂಬಿಸಲು ಕ್ಲಬ್ಬಿನಲ್ಲಿ ದೊಡ್ಡ ಸಿಲಿಂಡರ್ ಇದ್ದವರು ಇದನ್ನೇ ಕೊಳ್ಳಲಿ. ಇಲ್ಲದಿದ್ದರೆ ಬೈಕಾಲ್. ಹಳೆಯದು ತಗೊಳ್ಳುವುದಾದರೆ ಸಿಲಿಂಡರ್ ಮೇಲಿನ ತಾರೀಖು ನೋಡಿ, ಸಾಮಾನ್ಯವಾಗಿ ಅದರ ಆಯಸ್ಸು ಹತ್ತು ವರ್ಷ.

ದೂರದ ಹುಚ್ಚಿನವರಿಗೆ ಒಂದು ಮಾತು. ಅಮೆರಿಕದಲ್ಲಿ ಮದ್ದಿನ ಪಿಸ್ತೂಲು ಹಿಡಿದು 200 ಮೀಟರ್ ಆಚೆಯ ಕಬ್ಬಿಣದ ಟಗರನ್ನು ಉರುಳಿಸುವ ಆಟವಿದೆ, ಬೇಟೆಯೂ ನಡೆಯುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ. ನಾವು ಖಾಲಿ ಗೋದಾಮಿನಲ್ಲಿ ಮರಳಿನ ಚೀಲ ಒಟ್ಟಿ 25 ಮೀಟರ್‌ಗೆ ಕಾರ್ಡ್ ಇಟ್ಟೆವು, ಸೈಟು 10 ಮೀಟರಿಗೆ ಕೂರಿಸಿದ್ದೇ. ಬೈಕಾಲ್, ಸ್ಟೈರ್ ಎರಡೂ ಹೆಚ್ಚುಕಡಿಮೆ ಅರ್ಧ ಗೇಣು ಕೆಳಗೆ ಹೊಡೆದವು, ಆದರೆ ಗುಂಪಾಗಿ. ಗ್ಯಾಸಿನದರ ಪೆಲೆಟ್‌ಗಳಲ್ಲಿ ಅರ್ಧದಷ್ಟು ಚೀಲದಲ್ಲೇ ಸಿಕ್ಕವು.