ಸ್ವರಜ್ಞಾನಕ್ಕೆ ಮೇಷ್ಟ್ರಾ, ಮೊಬೈಲ್ ಆಪಾ?

ದಾವಣಗೆರೆಯ ವಿದ್ಯಾನಗರದಿಂದ ಗೆಳೆಯರೊಬ್ಬರ ಪ್ರಶ್ನೆ: ಮಗಳಿಗೆ ಸ್ವರ ಗುರುತಿಸೋದು, ಬರೆದಿದ್ದನ್ನು ನೋಡಿ ಹಾಡೋದು ಕಲಿಸಬೇಕು. ಮೇಷ್ಟ್ರ ಹತ್ತಿರ ಕಳಿಸಲಾ, ಆಪ್ ಸಾಕಾ?

ಖರ್ಚಿನಲ್ಲಿ ಆಪ್ ಅಗ್ಗ, ಕೆಲವು ಬಿಟ್ಟಿ. ಮೇಷ್ಟ್ರಿಗೆ ತಿಂಗಳು ತಿಂಗಳು ಫೀಸು ಕೊಡಬೇಕು.

ಕಿವಿಯ ವಿಷಯ ಅಷ್ಟು ಸುಲಭ ಅಲ್ಲ. ಆಪ್ ಸ-ಪ, ಸ-ಮ ಅಂತ ಸ್ವರಜೋಡಿ ನುಡಿಸಿ, ಇದು ಯಾವುದು ಅಂತ ಬೇಸರವಿಲ್ಲದೆ ನೂರು ಸಲ ಪ್ರಶ್ನೆ ಕೇಳುತ್ತದೆ. ಆದರೆ ಸಾಮಾನ್ಯವಾಗಿ ಅದರದು ಪಿಯಾನೊ ಶ್ರುತಿ, ಒಂದು ಸ್ಥಾಯಿಯನ್ನು (ಸ-ದಿಂದ ಮೇಲಿನ ಸ-ವರೆಗೆ) 12 ಸಮಪಾಲು ಮಾಡಿದ್ದು. ತಂಬೂರಿಯ ನಾದಕ್ಕೆ ಕೂಡುವ ಅಂತರ ಗಾಂಧಾರ (ಎತ್ತರದ ಗ) ಅದಕ್ಕಿಂತ ತುಸು ಕೆಳಗೆ ನಿಲ್ಲುತ್ತದೆ. (ಹೀಗೇ ಸಮಪಾಲು ಶ್ರುತಿಯ ಹಾರ್ಮೋನಿಯಂ ಮೇಲಿನ ಹಳೇ ಜಗಳವೂ ಇದೇ ಅಲ್ವಾ!) ಮೇಷ್ಟ್ರಾದರೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಹಾಡಿಸುತ್ತಾ, ಜಾರಿದ ರಿಷಭವನ್ನು ಅಲ್ಲೇ ಹಿಡಿಯುತ್ತಾರೆ. ಗಮಕ, ಅಂದರೆ ಸ್ವರವನ್ನು ತೂಗಿಸಿ ಹಾಡೋದು, ಬಂದಾಗಲಂತೂ ಆಪ್ ಕೈಚೆಲ್ಲುತ್ತದೆ.

ನೋಡಿ ಹಾಡೋದಕ್ಕೆ ಯಾವ ಲಿಪಿ ಅನ್ನೋದೇ ಮುಖ್ಯ. ಐದು ಗೆರೆಯ ಸ್ಟಾಫ್ ನೊಟೇಶನ್ ಬೇಕಿದ್ದರೆ, ಕಲಿಸುವವರು ಹತ್ತಿರದಲ್ಲಿ ಸಿಗದಿದ್ದರೆ, ಆಪೇ ಸರಿ. ಸರಿಗಮದಲ್ಲಿ ಬರೆದ ಗೀತೆ, ವರ್ಣದಂಥ ರಚನೆ ಓದಬೇಕಿದ್ದರೆ ಮೇಷ್ಟ್ರು.

ಸಂಜೆಯೆಲ್ಲಾ ಟ್ಯೂಷನ್‌ನಲ್ಲೇ ಕಳೆಯುವ ಹುಡುಗಿಗೆ ಆಪ್ ಅನುಕೂಲ. ಸುಮ್ನೆ ಕೂತರೆ ಮೊಬೈಲಲ್ಲಿ ಬೇರೇನೋ ತೆರೆಯುವ ಮಗುವಾದರೆ ಫೀಸು ಕಟ್ಟಿಬಿಡಿ.